ಕಣ್ಣೀರಿನ ಲೆಕ್ಕ

ಸಾರಿನ ಮುಚ್ಚಳ ತೆಗೆದರೆ ನನಗೆ ಕಾಣುವುದು ಸಾರಲ್ಲ, ಕನ್ನಡಕದ ಮೇಲಿನ ಮಂಜು. 20 ವರ್ಷ ಹೀಗೆ ಅಂದಾಜಿನಲ್ಲೇ ಅಡುಗೆ ಮಾಡಿ ಬೇಸತ್ತು, ಲೇಸರ್ ಮಾಡಿಸಿಯೇ ಬಿಡೋಣವೆಂದು ಕಣ್ಣಿನ ಡಾಕ್ಟರ ಬಳಿ ಹೋದೆ.

"ಬೇರೆ ಏನಾದರೂ ಕಾಯಿಲೆ?"

"ಹಶಿಮೊಟೊ" ಎಂದೆ. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ವಿವರಿಸಿದ ಕಾಯಿಲೆ. ನಮ್ಮತ್ತೆಗೆ ಮಾತ್ರ ಅದು ಇಂದಿಗೂ ಯಾವುದೋ ಕಾರಿನ ಹೆಸರು. ಮೈಯ ಕಾವಲುಗಾರನೇ ಮನೆಯ ಥೈರಾಯ್ಡನ್ನು ಕಳ್ಳನೆಂದು ಬಡಿಯುವ ಕಥೆ. ಅದರ ದೆಸೆಯಿಂದ ದಿನಾ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ, ಕಾಫಿಗಾಗಿ ಗಡಿಯಾರ ನೋಡುತ್ತಾ ಕೂರುವ ತಪಸ್ಸು.

ಡಾಕ್ಟರು ಹುಬ್ಬೇರಿಸಿದರು. ಲೇಸರ್‌ಗಾಗಿ ಕಾರ್ನಿಯಾದ ಪದರ ಎಬ್ಬಿಸುವಾಗ ನರಗಳು ತುಂಡಾಗಿ ಕೆಲವು ತಿಂಗಳು ಕಣ್ಣು ಒಣಗುವುದುಂಟು. ಥೈರಾಯ್ಡಿನವರ ಕಣ್ಣು ಮೊದಲೇ ಒಣಗಿದ್ದರೆ ಕಷ್ಟ. ಕಣ್ಣೀರು ಅಳೆಯಲು ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಕೂರಿಸಿದರು. 10 ಮಿಲಿಮೀಟರಾದರೂ ನೆನೆಯಬೇಕಂತೆ. ನನ್ನದು 4!

ಯಜಮಾನರು ಹಿಗ್ಗಿದರು: "ನಾನು ನಿನ್ನನ್ನು ಅಳಿಸಿಲ್ಲ ಅನ್ನೋದಕ್ಕೆ ರಿಪೋರ್ಟೇ ಸಿಕ್ಕಿತಲ್ಲ!" ಅತ್ತೆ, "ರಾತ್ರಿ ನನ್ನ ಜೊತೆ ಧಾರಾವಾಹಿ ನೋಡೇ, ಪಟ್ಟಿ ಏನು, ಪಂಚೆಯೇ ನೆನೆಯುತ್ತೆ" ಎಂದರು.

"ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಹದಕ್ಕೆ ಬರಲಿ, ಕಣ್ಣಿಗೆ ಹನಿ ಹಾಕಿ, ಆಮೇಲೆ ನೋಡೋಣ" ಎಂದಿದ್ದಾರೆ ಡಾಕ್ಟರು. ಲೇಸರ್ ಆದರೂ ನಲವತ್ತರ ನಂತರ ಓದಲು ಕನ್ನಡಕ ಬೇಕಾಗಬಹುದೆಂಬ ಒಗ್ಗರಣೆ ಬೇರೆ. ನನಗೀಗ 42.

ಸದ್ಯ ಮಂಜು ಒರೆಸಿಕೊಂಡೇ ಈರುಳ್ಳಿ ಹೆಚ್ಚುತ್ತಿದ್ದೇನೆ. ಕಣ್ಣೀರು ಧಾರಾಕಾರ. ಆ ಪಟ್ಟಿಯನ್ನು ಈಗ ಇಡಬೇಕಿತ್ತು!