ಬೇಲಿಯಾಚೆಯ ಲ್ಯಾಕ್ಟೋಮೀಟರ್

ಪೋರ್ಟ್‌ಲ್ಯಾಂಡಿನ ಮಗನ ಮನೆಗೆ ಆರು ತಿಂಗಳಿಗೆಂದು ಬಂದವನಿಗೆ ಹಿತ್ತಲಿನ ಮರದ ಬೇಲಿಯೇ ಜಗಲಿಕಟ್ಟೆ. ಬೇಲಿಯಾಚೆ ನನ್ನ ವಯಸ್ಸಿನವರೇ ಒಬ್ಬರು, ಮನೆಯಲ್ಲೇ ಬಿಯರ್ ಮಾಡುತ್ತಾರೆ. ಕಳ್ಳಭಟ್ಟಿ ಅಂದುಕೊಳ್ಳಬೇಡಿ. 1978ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಂತೆ, ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲ. ಅಂದರೆ ಸುಮಾರು 750 ಲೀಟರ್. ನಮ್ಮ ಡೇರಿಗೆ ಒಂದು ಬೆಳಿಗ್ಗೆ ಬರುತ್ತಿದ್ದ ಹಾಲು ಅಷ್ಟು.

ಮದ್ದೂರು ಕಡೆಯ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ನಾನು ಸೆಕ್ರೆಟರಿಯಾಗಿದ್ದವನು. ಹಾಗಾಗಿ ಮೊನ್ನೆ ಅವರು ಉದ್ದನೆಯ ಜಾಡಿಗೆ ಕಂದು ಕಷಾಯ ಸುರಿದು ಗಾಜಿನ ಕೊಳವೆಯೊಂದನ್ನು ತೇಲಿಬಿಟ್ಟಾಗ ನನ್ನ ಕಣ್ಣು ಅರಳಿತು. "ಲ್ಯಾಕ್ಟೋಮೀಟರ್!" ಅಂದೆ. "ಹೈಡ್ರೋಮೀಟರ್" ಅಂದರು. ಹೆಸರು ಬೇರೆ, ವಂಶ ಒಂದೇ: ದ್ರವ ಎಷ್ಟು ದಟ್ಟ ಎಂದು ತೇಲಿ ಹೇಳುವುದು. ನೀರಿನಲ್ಲಿ ಬಿಟ್ಟರೆ 1.000 ತೋರಿಸಬೇಕು. ಮೊಳಕೆ ಬಾರ್ಲಿಯ ಸಿಹಿನೀರಿನಲ್ಲಿ 1.050ರ ಆಸುಪಾಸು. ಯೀಸ್ಟ್ ಸಕ್ಕರೆ ತಿಂದ ಮೇಲೆ 1.010ಕ್ಕೆ ಇಳಿಯಬಹುದು. ಎರಡರ ವ್ಯತ್ಯಾಸವನ್ನು 131.25ರಿಂದ ಗುಣಿಸಿದರೆ ಮದ್ಯಸಾರ ಶೇಕಡಾ 5.25.

ಅವರ ಮುಖ ಬಾಡಿತ್ತು. 1.050 ಬರಬೇಕಿದ್ದುದು 1.044 ಬಂದಿತ್ತು. ನಾನು ಜಾಡಿ ಮುಟ್ಟಿ ನೋಡಿದೆ; ಬೆಚ್ಚಗಿತ್ತು, ಸುಮಾರು ನಲವತ್ತು ಡಿಗ್ರಿ. ಕೊಳವೆ ಸರಿಯಾಗಿ ತೋರಿಸುವ ಉಷ್ಣತೆಯೆಂದು ಅದರ ಮೇಲೆ ಬರೆದಿದ್ದುದು 60 ಫ್ಯಾರನ್‌ಹೀಟ್, ಅಂದರೆ ಹದಿನೈದೂವರೆ ಸೆಲ್ಸಿಯಸ್. ಬಿಸಿಯಾದ ದ್ರವ ಹಿಗ್ಗಿ ತೆಳುವಾಗುತ್ತದೆ, ಕೊಳವೆ ಮುಳುಗುತ್ತದೆ, ಅಂಕಿ ಕೆಳಗಿಳಿಯುತ್ತದೆ. ಆ ಆರು ಅಂಕ ಹೋಗಿದ್ದು ಅಲ್ಲೇ. ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಹಸು ಕರೆದ ಕೈಯಲ್ಲೇ ಕ್ಯಾನು ತಂದು ನಿಲ್ಲುತ್ತಿದ್ದ ಹೆಂಗಸರು. ಬೆಚ್ಚಗಿನ ಹಾಲಿಗೆ ರೀಡಿಂಗ್ ಕಮ್ಮಿ ಬಂದು, ನಾನು ಅನುಮಾನದಿಂದ ತಲೆಯೆತ್ತಿದರೆ ಸಾಕು: "ಯಾಕ್ ಸೆಕ್ರೆಟ್ರಣ್ಣ, ನಮ್ ಹಸ ನೀರ್ ಕರೀತದಾ?"

ನೊರೆಯ ಕಥೆ ಇನ್ನೂ ಸೊಗಸು. ಆಗತಾನೆ ಕರೆದ ಹಾಲಿನೊಳಗೆ ಗಾಳಿ ಸೇರಿರುತ್ತದೆ, ಹಾಲು ಹಗುರಾಗಿ ಅಂಕಿ ಇಳಿಯುತ್ತದೆ. ಬಿಯರಿನಲ್ಲಿ ಉಲ್ಟಾ: ಗುಳ್ಳೆಗಳು ಕೊಳವೆಗೇ ಅಂಟಿಕೊಂಡು ಅದನ್ನು ಮೇಲಕ್ಕೆತ್ತುತ್ತವೆ, ಅಂಕಿ ಏರುತ್ತದೆ. ಅದಕ್ಕೇ ಅವರು ಕೊಳವೆಯನ್ನು ಬುಗುರಿಯಂತೆ ಒಮ್ಮೆ ತಿರುಗಿಸಿ ಬಿಡುತ್ತಾರೆ. ಹುದುಗಿದ್ದನ್ನಾದರೆ ಮೊದಲು, ಕಾಫಿ ಆರಿಸುವಂತೆ, ಲೋಟದಿಂದ ಲೋಟಕ್ಕೆ ಹೊಯ್ದು ಗ್ಯಾಸು ಬಿಡಿಸುತ್ತಾರೆ.

ಓದುವುದರಲ್ಲಿ ಮಾತ್ರ ನಮಗೆ ಜಗಳವಾಯಿತು. ದ್ರವ ಕೊಳವೆಯ ಸುತ್ತ ಸ್ವಲ್ಪ ಮೇಲೇರಿ ಅಂಟಿರುತ್ತದಲ್ಲ, ಹಾಲಿನಲ್ಲಿ ಆ ಏರಿದ ಅಂಚನ್ನೇ ಓದಬೇಕು, ಹಾಲಿನೊಳಗೆ ಇಣುಕಲು ಆಗದಲ್ಲ. ಅವರು ಮಂಡಿಯೂರಿ, ಕಣ್ಣನ್ನು ಮಟ್ಟಕ್ಕೆ ತಂದು, ಕೆಳಗಿನ ಸಪಾಟು ಮಟ್ಟ ಓದುತ್ತಾರೆ. ತಿಳಿ ದ್ರವಕ್ಕೆ ಅದೇ ಸರಿ ಎಂದು ನಾನು ಒಪ್ಪಿದೆ, ಕೊಂಚ ತಡವಾಗಿ.

ಅವರ ಮಗ ತಂದುಕೊಟ್ಟ ರಿಫ್ರಾಕ್ಟೋಮೀಟರ್ ಕೂಡ ಇದೆ. ಸಕ್ಕರೆ ಅಳೆಯಲು ಅದಕ್ಕೆ ಎರಡೇ ಹನಿ ಸಾಕು. ಆದರೆ ಯೀಸ್ಟ್ ಕೆಲಸ ಶುರುಮಾಡಿದ ಮೇಲೆ ಮದ್ಯಸಾರ ಬೆರೆತು ಅದು ಸಕ್ಕರೆ ಹೆಚ್ಚಿದೆಯೆಂದೇ ಹೇಳುತ್ತದೆ. ಲೆಕ್ಕ ಹಾಕಿ ತಿದ್ದಿಕೊಳ್ಳಬೇಕು. ನಮ್ಮ ಲ್ಯಾಕ್ಟೋಮೀಟರೂ ಸಾಚಾ ಏನಲ್ಲ. ಕೆನೆ ತೆಗೆದರೆ ಅಂಕಿ ಏರುತ್ತದೆ, ನೀರು ಬೆರೆಸಿದರೆ ಇಳಿಯುತ್ತದೆ. ಎರಡನ್ನೂ ಹದವಾಗಿ ಮಾಡಿದ ಜಾಣರಿಗೆ ಅದು ಸಲಾಮು ಹೊಡೆಯುತ್ತಿತ್ತು. ಫ್ಯಾಟ್ ಪರೀಕ್ಷೆ ಬೇಕಾದದ್ದು ಅದಕ್ಕೇ.

ಇಷ್ಟೆಲ್ಲ ಒದ್ದಾಟ ಯಾಕೆಂದರೆ, ಸಕ್ಕರೆ ಇನ್ನೂ ಉಳಿದಿರುವಾಗ ಬಾಟಲಿಗೆ ತುಂಬಿದರೆ ಒಳಗೇ ಗ್ಯಾಸು ಬೆಳೆದು ಬಾಟಲಿ ಸಿಡಿಯುತ್ತದೆ. ಎರಡು ಮೂರು ದಿನ ಒಂದೇ ಅಂಕಿ ನಿಂತರೆ ಮಾತ್ರ ಅವರು ಮುಚ್ಚಳ ಒತ್ತುವುದು.

ಅಳೆದದ್ದನ್ನು ಮತ್ತೆ ಡ್ರಮ್ಮಿಗೆ ಸುರಿಯುವುದಿಲ್ಲ, ಕ್ರಿಮಿ ಸೇರೀತೆಂದು. ಕುಡಿದುಬಿಡುತ್ತಾರೆ. ನಮ್ಮೂರಿನ ಡೇರಿಯ ವಾರ್ಷಿಕ ಸಭೆಯಲ್ಲಿ ಪ್ರತಿ ಸಲದ ಮೊದಲ ಪ್ರಶ್ನೆಯೇ ಪರೀಕ್ಷೆಗೆ ತೆಗೆದ ಸ್ಯಾಂಪಲ್ ಹಾಲಿನ ದುಡ್ಡು ಎಲ್ಲಿ ಹೋಯಿತು ಅನ್ನುವುದು. ಇವರಿಗೆ ಲೆಕ್ಕ ಕೇಳುವವರು ಒಬ್ಬರೇ. ಅಡುಗೆಮನೆ ಕಿಟಕಿಯಿಂದ ಅವರ ಹೆಂಡತಿಯ ದನಿ ಬಂತು: "ಇದು ಇವತ್ತಿನ ಎಷ್ಟನೇ ಸ್ಯಾಂಪಲ್ಲು?"