ಬ್ರೆಜಿಲ್ಲಿನ ಹಿಮಕ್ಕಿರುವ ಅಧಿಕಾರ

ಬಂಡೀಪುರದ ಕಾಡಂಚಿನ ಹಳ್ಳಿಗಳಲ್ಲಿ ಹೆಂಗಸರಿಗೆ ಅಧಿಕಾರವಿಲ್ಲ ಎನ್ನುವವರು ನಸುಕಿನಲ್ಲೊಮ್ಮೆ ಕೊಟ್ಟಿಗೆಗೆ ಬಂದು ನೋಡಬೇಕು. ಸಗಣಿ ಬಾಚುವ, ಗಂಜಲ ತೊಳೆಯುವ, ಬೂಸಾ ಕಲಸುವ, ಹಾಲು ಕರೆಯುವ ಸಕಲ ಅಧಿಕಾರವೂ ಮನೆಯ ಹೆಣ್ಣಿನದೇ. ಈ ಖಾತೆಗಳಲ್ಲಿ ಗಂಡಸರು ಅಪ್ಪಿತಪ್ಪಿಯೂ ಮೂಗು ತೂರಿಸುವುದಿಲ್ಲ.

ಯಜಮಾನರ ಹೊಣೆ ಶುರುವಾಗುವುದು ಹಾಲು ಡೈರಿ ಮುಟ್ಟಿದ ಮೇಲೆ. ಪಾಸ್‌ಬುಕ್ ಅವರ ಹೆಸರಿಗೆ, ಬಟವಾಡೆ ಅವರ ಖಾತೆಗೆ, ಸರ್ಕಾರದ ಪ್ರೋತ್ಸಾಹಧನವೂ ಅಲ್ಲಿಗೇ. ದುಡ್ಡು ಎಣಿಸುವ ಕಷ್ಟವನ್ನು ಹೆಣ್ಣುಮಕ್ಕಳಿಗೆ ಹೊರಿಸಲು ಅವರ ಮನಸ್ಸು ಒಪ್ಪದು. ಹಸು ಎಷ್ಟಕ್ಕೆ ಹೋಯಿತೆಂದು ಅವಳನ್ನು ಕೇಳಿ: "ಅಯ್ಯೋ, ನಂಗೇನ್ ಗೊತ್ತು? ಯಜಮಾನ್ರ ಕೇಳಿ." ಗೊತ್ತಾಗುವುದಾದರೂ ಹೇಗೆ? ದನದ ಸಂತೆಯಲ್ಲಿ ರೇಟು ಕುದುರುವುದು ಟವೆಲ್ಲಿನ ಅಡಿಯಲ್ಲಿ, ಬೆರಳು ಹಿಡಿದು. ಕೆಚ್ಚಲು ಹಿಡಿದ ಬೆರಳುಗಳಿಗೆ ಅಲ್ಲಿ ಪ್ರವೇಶವಿಲ್ಲ.

ಹಾಗಾದರೆ ಮನೆಯಲ್ಲಿ ಎಷ್ಟು ದನ ಇರಬೇಕೆಂದು ತೀರ್ಮಾನಿಸುವವರು ಯಾರು? ಬ್ರೆಜಿಲ್! 1994ರಲ್ಲಿ ಅಲ್ಲಿ ಹಿಮಗಟ್ಟುವ ಚಳಿ ಬಿದ್ದು ಕಾಫಿ ಗಿಡ ಕರಟಿದವು, ಕಾಫಿ ರೇಟು ಗಗನಕ್ಕೇರಿತು. ನಮ್ಮ ಕಡೆಯ ಕಾಫಿ ತೋಟಗಳಿಗೆ ಗೊಬ್ಬರ ಬೇಕಾಗಿ ಇಲ್ಲಿನ ಸಗಣಿ ಲಾರಿ ಹತ್ತಿತು. ಹೊಲಕ್ಕೆ ಬೀಳುತ್ತಿದ್ದ ಸಗಣಿ ರೊಕ್ಕವಾದದ್ದೇ ತಡ, ದನಗಳು ಹೆಚ್ಚಿದವು, ಕಾಡಿನ ಮೇವಿನ ಮೇಲೆ ಒತ್ತಡ ಬಿತ್ತು. ಈ ನಂಟನ್ನು ಪರಿಸರ ವಿಜ್ಞಾನಿ ಎಂ.ಡಿ. ಮಧುಸೂದನ್ 2005ರಲ್ಲೇ ಬರೆದಿಟ್ಟಿದ್ದಾರೆ. ಸಾವಿರಾರು ಮೈಲಿ ದೂರದ ಹಿಮದ ಮಾತು ನಮ್ಮ ಕೊಟ್ಟಿಗೆಯಲ್ಲಿ ಇಷ್ಟು ನಡೆಯುತ್ತದೆ. ಮಂಕರಿ ಹೊತ್ತು ಅದೇ ಕೊಟ್ಟಿಗೆಯಲ್ಲಿ ನಿಂತವಳ ಮಾತು ನಡೆಯದು.

ಹುಲಿಯೂ ಅವಳನ್ನು ಕೇಳದೆಯೇ ಹಸು ಎಳೆದೊಯ್ಯುತ್ತದೆ. ಅದನ್ನು ಕ್ಷಮಿಸಬಹುದು, ಅದು ಹಾಲಿನ ಸೊಸೈಟಿಯ ಸದಸ್ಯನಲ್ಲ. ಆಮೇಲೆ ಪರಿಹಾರದ ಅರ್ಜಿಗೆ ಸಹಿ ಹಾಕುವವರು ಮಾತ್ರ ಮತ್ತೆ ಯಜಮಾನರೇ. ಅರಣ್ಯ ಇಲಾಖೆಯ ಫೋಟೋಗೆ ಸತ್ತ ಹಸುವಿನ ಪಕ್ಕ ನಿಂತು ಅಳುವ ಕೆಲಸ ಅವಳಿಗೆ.

ಮಹಿಳಾ ಹಾಲು ಉತ್ಪಾದಕರ ಸಂಘಗಳಿವೆಯಲ್ಲ ಎನ್ನಬಹುದು. ಇವೆ, ಸಂತೋಷ. ಅಲ್ಲಿ ಸದಸ್ಯೆ ಅವಳೇ, ಖಾತೆಯೂ ಅವಳದೇ. ಎಟಿಎಂ ಕಾರ್ಡು ಎಷ್ಟೋ ಕಡೆ ಯಜಮಾನರ ಜೇಬಿನಲ್ಲಿ.

ಇದಕ್ಕೆ ಸಮಿತಿ, ಸಮಾವೇಶ, ಹಾರ-ತುರಾಯಿ ಯಾವುದೂ ಬೇಡ. ಹಾಲು ಕರೆದವರ ಹೆಸರಿಗೇ ಬಟವಾಡೆ ಆಗಲಿ, ಕಾರ್ಡೂ ಅವರ ಕೈಯಲ್ಲೇ ಇರಲಿ. ಯಜಮಾನರಿಗೂ ದುಡ್ಡು ಬೇಕೆಂದರೆ ಯಾರೂ ಅಡ್ಡ ಬರುವುದಿಲ್ಲ: ನಾಳೆ ನಸುಕಿಗೆದ್ದು ಹಾಲು ಕರೆಯಲಿ.