ಹನ್ನೆರಡರ ಮನೆಗೆ ಇನ್ನೂರಮೂವತ್ತರ ನೆಂಟ

ನನ್ನ ರಿಪೇರಿ ಮೇಜಿನ ಮೇಲೆ ಕೈಯಾರೆ ಕಟ್ಟಿದ 12 ವೋಲ್ಟಿನ ಪವರ್ ಸಪ್ಲೈ ಇತ್ತು. ‘ಇತ್ತು’ ಎಂಬಲ್ಲೇ ಕಥೆಯೆಲ್ಲ ಇದೆ. ಅದರ ಔಟ್‌ಪುಟ್ ವೈರಿನ ತುದಿಗೆ, ಡಬ್ಬಿಯಲ್ಲಿ ಸಿಕ್ಕಿತೆಂದು, ಹಳೆಯ ಟೂ-ಪಿನ್ ಪ್ಲಗ್ ಹಾಕಿದ್ದೆ. ಜಿಪುಣತನಕ್ಕೆ ನಾನಿಟ್ಟ ಹೆಸರು ಮಿತವ್ಯಯ.

ಮೊನ್ನೆ ಬಂದ ಭಾವಮೈದ, “ಇದ್ಯಾಕೆ ಭಾವ ಹೀಗೆ ನೇತಾಡ್ತಿದೆ?” ಎಂದು ಅದನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಉಪಕಾರ ಮಾಡಿದ. ಢಂ! 25 ವೋಲ್ಟಿನ ಕೆಪಾಸಿಟರ್ ಟೋಪಿ ಹಾರಿಸಿ ಹೊಗೆಯುಗುಳಿತು. ಪಾಪ, ಅದರದ್ದೇನು ತಪ್ಪು? ಹೆಸರಿಗೆ 230 ವೋಲ್ಟಾದರೂ ಕರೆಂಟಿನ ಅಲೆ ನೆತ್ತಿಯಲ್ಲಿ ಸುಮಾರು 325 ಮುಟ್ಟುತ್ತದೆ.

ಪೆಟ್ಟು ತಿಂದ ಮೇಲೆ ಬುದ್ಧಿ ಬಂತು. ಈಗ ಔಟ್‌ಪುಟ್ಟಿನ ಬಾಗಿಲಲ್ಲೇ ಫ್ಯೂಸು, ಅದರ ಹಿಂದೆ ‘ಕ್ರೋಬಾರ್’. ಕನ್ನಡದಲ್ಲಿ ಹೇಳುವುದಾದರೆ ಹಾರೆ! ವೋಲ್ಟೇಜು ಮಿತಿ ಮೀರಿದೊಡನೆ ಎಸ್‌ಸಿಆರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಎರಡೂ ತಂತಿಗಳಿಗೆ ಅಡ್ಡಲಾಗಿ ಹಾರೆ ಹಾಕಿದಂತೆ ಶಾರ್ಟ್ ಮಾಡುತ್ತದೆ; ಫ್ಯೂಸು ಪ್ರಾಣ ಕೊಟ್ಟು ಮಿಕ್ಕವರನ್ನು ಉಳಿಸುತ್ತದೆ. ಏಸಿ ಸೆಕೆಂಡಿಗೆ 50 ಸಲ ಹಿಂದುಮುಂದಾಗುವ ಜೀವಿಯಾದ್ದರಿಂದ ಉಲ್ಟಾ ದಿಕ್ಕಿಗೊಂದು ದಪ್ಪ ಡಯೋಡು. ಫ್ಯೂಸಿನ ಮೇಲೆ 250 ವೋಲ್ಟ್ ಎಂದು ಬರೆದಿರಲೇಬೇಕು. 32 ವೋಲ್ಟಿನ ಕಾರಿನ ಫ್ಯೂಸು ಸುಟ್ಟರೂ ಒಳಗೆ ಕಿಡಿ ಹಾರುತ್ತಲೇ ಕರೆಂಟು ದಾಟೀತು.

ಇಷ್ಟೆಲ್ಲಕ್ಕಿಂತ ಅಗ್ಗದ ರಕ್ಷಣೆಯೊಂದಿದೆ: ಗೋಡೆಯ ಸಾಕೆಟ್ಟಿಗೆ ಹೋಗುವ ಪ್ಲಗ್ಗನ್ನು ಔಟ್‌ಪುಟ್ಟಿಗೆ ಹಾಕಲೇಬೇಡಿ. ಪ್ಲಗ್ ಬದಲಿಸುವುದು ಐದು ನಿಮಿಷದ ಕೆಲಸ. ಭಾವಮೈದನನ್ನು ಬದಲಿಸುವುದು ಆಗದ ಮಾತು.